ಮೈಟೊಕಾಂಡ್ರಿಯಾ ಒಳಗೆ ಪ್ರೋಟೀನ್ ಹೋಗುವುದು ಹೇಗೆ? ಕ್ಲಾಸಿನಲ್ಲಿ ಉತ್ತರ ಕೊಡಲು ಆಗಲಿಲ್ಲ

ಹಾಸನ_ಬಯಾಲಜಿ_ಟೀಚರ್

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಪಿಯು ಕಾಲೇಜಿನಲ್ಲಿ 14 ವರ್ಷದಿಂದ ಬಯಾಲಜಿ ಹೇಳಿಕೊಡುತ್ತಿದ್ದೇನೆ.

ಹೋದ ಗುರುವಾರ ಮೊದಲನೇ ಪಿಯುಸಿಗೆ ಜೀವಕೋಶದ ಪಾಠ ಇತ್ತು. ಹೊರಗೆ ಜೋರು ಮಳೆ. ಕರೆಂಟ್ ಇರಲಿಲ್ಲ. ಕಿಟಕಿಯಿಂದ ಬರುವ ಬೆಳಕಿನಲ್ಲೇ ಬೋರ್ಡಿನ ಮೇಲೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಚಿತ್ರ ಬರೆದೆ. ಹೊರಪೊರೆ, ಒಳಪೊರೆ, ಒಳಪೊರೆಯ ಮಡಿಕೆಗಳು, ಮಧ್ಯೆ ಉಂಗುರದ ಹಾಗೆ ಡಿಎನ್‌ಎ, ನಾಲ್ಕಾರು ಚುಕ್ಕೆ ಇಟ್ಟು ಪ್ರೋಟೀನ್ ತಯಾರಿಸುವ ರೈಬೋಸೋಮ್. ‘ಇದು ಅರೆ ಸ್ವತಂತ್ರ ಕಣದಂಗ. ಇದಕ್ಕೆ ತನ್ನದೇ ಡಿಎನ್‌ಎ ಇದೆ, ತನ್ನ ಪ್ರೋಟೀನ್ ತಾನೇ ಮಾಡಿಕೊಳ್ಳುತ್ತದೆ’ ಎಂದೆ. ಪ್ರತಿ ವರ್ಷ ಹೇಳುವ ಮಾತೇ.

ಆಲೂರು ಕಡೆಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಇದ್ದಾಳೆ. ಜಾಸ್ತಿ ಮಾತಾಡುವವಳಲ್ಲ. ಅವಳು ಎದ್ದು ನಿಂತು ಕೇಳಿದಳು: ‘ಮೇಡಂ, ಎಲ್ಲಾ ಪ್ರೋಟೀನೂ ಅದೇ ಮಾಡಿಕೊಂಡರೆ ಅರೆ ಅಂತ ಯಾಕೆ ಹೇಳ್ತೀರಿ? ಮಿಕ್ಕಿದ್ದು ಹೊರಗಿಂದ ಬರುತ್ತೆ ಅಂದ್ರೆ ಎರಡು ಗೋಡೆ ದಾಟಿ ಹೇಗೆ ಬರುತ್ತೆ? ನೀವು ಬಾಗಿಲೇ ಬರೆದಿಲ್ಲವಲ್ಲ.’

ನಿಜ. ಬಾಗಿಲು ಬರೆದಿರಲಿಲ್ಲ. ಒಮ್ಮೆಯೂ ಬರೆದಿಲ್ಲ. ನಾಳೆ ಹೇಳುತ್ತೇನೆ ಕೂತ್ಕೋ ಅಂದೆ. ಮನೆಗೆ ಬಂದು ನನ್ನ ಹಳೇ ಎಂಎಸ್ಸಿ ನೋಟ್ಸ್ ತೆಗೆದು ನೋಡಿದರೆ ಅದರಲ್ಲಿ ಎರಡೇ ಸಾಲು ಇದೆ, ಟಾಮ್ ಮತ್ತು ಟಿಮ್ ಅಂತ ಎರಡು ಹೆಸರು. ಅದನ್ನು ಅವಳಿಗೆ ಹೇಳಿದರೆ ಎರಡು ಹೆಸರು ಕೊಟ್ಟ ಹಾಗೆ ಆಗುತ್ತದೆ, ಉತ್ತರ ಕೊಟ್ಟ ಹಾಗೆ ಆಗುವುದಿಲ್ಲ. ಯಾರಾದರೂ ಬಿಡಿಸಿ ಹೇಳಿ. 16 ವರ್ಷದ ಮಕ್ಕಳಿಗೆ ಕನ್ನಡದಲ್ಲಿ ಹೇಳುವ ಹಾಗಿರಬೇಕು.

ಅರಸೀಕೆರೆ_ಬಿಎಸ್ಸಿ

ಮೇಡಂ, ಪ್ರೋಟೀನ್ ಹೊರಗೆ ತಯಾರಾಗುತ್ತದೆ. ಆಮೇಲೆ ಕೋಶದ ಗಾಲ್ಜಿ ಅನ್ನುವ ಭಾಗ ಅದನ್ನು ಚಿಕ್ಕ ಚೀಲದಲ್ಲಿ ತುಂಬಿ ಬೇಕಾದ ಕಡೆ ಕಳಿಸುತ್ತದೆ. ಚೀಲ ಹೋಗಿ ಪೊರೆಗೆ ಅಂಟಿಕೊಂಡು ಒಳಗೆ ಸುರಿಯುತ್ತದೆ. ನಮ್ಮ ಎರಡನೇ ಸೆಮಿಸ್ಟರ್‌ನಲ್ಲಿ ಹೀಗೇ ಇತ್ತು.

ಮೂಡಿಗೆರೆ_ಕಾಫಿ

ಮೇಡಂ, ನಾನು ಮೂಡಿಗೆರೆ ಹತ್ತಿರ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಅದಕ್ಕೆ ಮೊದಲು ಬೆಂಗಳೂರಿನ ಒಂದು ಲ್ಯಾಬಿನಲ್ಲಿ 6 ವರ್ಷ ಇದೇ ಕೆಲಸ ಮಾಡಿದ್ದೆ, ಯೀಸ್ಟ್‌ನ ಮೈಟೊಕಾಂಡ್ರಿಯಾ ಮೇಲೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದೆ. ಬಂದು 9 ವರ್ಷವಾದರೂ ಈ ವಿಷಯ ಯಾರಾದರೂ ಎತ್ತಿದರೆ ಸುಮ್ನೆ ಇರಲು ಆಗುವುದಿಲ್ಲ. ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಮೊದಲು ಅರಸೀಕೆರೆಯವರಿಗೆ ಒಂದು ಮಾತು. ನೀವು ಹೇಳಿದ ಚೀಲದ ದಾರಿ ಇದೆ, ಆದರೆ ಅದು ಕೋಶದಿಂದ ಹೊರಗೆ ಹೋಗುವ ಪ್ರೋಟೀನ್‌ಗೆ, ಲೈಸೋಸೋಮ್‌ಗೆ, ಕೋಶದ ಹೊರಪೊರೆಗೆ. ಮೈಟೊಕಾಂಡ್ರಿಯಾಗೆ ಬರುವ ಪ್ರೋಟೀನ್‌ಗಳು ಆ ಸಾಲಿಗೆ ಸೇರುವುದಿಲ್ಲ. ಅವು ಚೀಲ ಇಲ್ಲದೆ, ಒಂದೊಂದಾಗಿ, ದಾರದ ಹಾಗೆ ಬಿಚ್ಚಿಕೊಂಡು ಒಳಗೆ ಹೋಗುತ್ತವೆ. ಈ ಇಡೀ ವಿಷಯದಲ್ಲಿ ಮನಸ್ಸಿಗೆ ಹಿಡಿಯಬೇಕಾದ ಮಾತು ಅದೊಂದೇ.

ಈಗ ಆ ಹುಡುಗಿಯ ಮೊದಲ ಪ್ರಶ್ನೆ, ಅರೆ ಅಂದರೆ ಎಷ್ಟು ಅರೆ? ಮನುಷ್ಯನ ಮೈಟೊಕಾಂಡ್ರಿಯಾದ ಡಿಎನ್‌ಎ 16,569 ಅಕ್ಷರ ಉದ್ದ. ಅದರಲ್ಲಿ 37 ಜೀನ್. ಅವುಗಳಲ್ಲಿ ಪ್ರೋಟೀನ್‌ಗೆ ಇರುವುದು 13 ಮಾತ್ರ. ಮಿಕ್ಕ 24 ಜೀನ್‌ಗಳು ಆ 13ನ್ನು ಮಾಡಲು ಬೇಕಾದ ಆರ್‌ಎನ್‌ಎಗಳಿಗೆ. ಯೀಸ್ಟ್‌ನಲ್ಲಂತೂ 8 ಪ್ರೋಟೀನ್. ಆದರೆ ಮೈಟೊಕಾಂಡ್ರಿಯಾದಲ್ಲಿ ಕೆಲಸ ಮಾಡುವ ಪ್ರೋಟೀನ್ ಬಗೆಗಳು ಸಾವಿರಕ್ಕೂ ಜಾಸ್ತಿ. ನೂರಕ್ಕೆ ಸುಮಾರು 99 ಹೊರಗಿನಿಂದ ಬರುತ್ತವೆ ಅಂತಾಯಿತು. ನೀವು ಚುಕ್ಕೆ ಇಟ್ಟು ತೋರಿಸಿದ ಆ ರೈಬೋಸೋಮ್ ಇದೆಯಲ್ಲ, ಅದರಲ್ಲಿರುವ ಸುಮಾರು 80 ಪ್ರೋಟೀನ್‌ಗಳೂ ಹೊರಗೇ ತಯಾರಾಗಿ ಒಳಗೆ ಬಂದವು. ಮನೆಯಲ್ಲಿ ಅಡುಗೆ ಮಾಡುತ್ತೇವೆ ಅಂತೀವಿ, ಒಲೆ, ಪಾತ್ರೆ, ಸೌದೆ ಎಲ್ಲ ಸಂತೆಯಿಂದ ತಂದದ್ದು.

ಹೊರಗೆ ತಯಾರಾದ ಪ್ರೋಟೀನ್‌ಗೆ ತಾನು ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತು? ವಿಳಾಸ ಅದರ ಮೈಯಲ್ಲೇ ಇದೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಬಹಳಷ್ಟು ಪ್ರೋಟೀನ್‌ಗಳಿಗೆ ಸರದ ತಲೆಯ ಕಡೆ 15ರಿಂದ 50 ಮಣಿಗಳಷ್ಟು ಜಾಸ್ತಿ ಇರುತ್ತದೆ. ಆ ತುಂಡು ಸ್ಪ್ರಿಂಗ್ ಥರ ಸುತ್ತಿಕೊಂಡಾಗ ಒಂದು ಮಗ್ಗುಲಲ್ಲಿ ಅರ್ಜಿನೈನ್, ಲೈಸಿನ್ ಥರದ ಪ್ಲಸ್ ವಿದ್ಯುದಾವೇಶದ ಮಣಿಗಳು, ಇನ್ನೊಂದು ಮಗ್ಗುಲಲ್ಲಿ ನೀರಿಗೆ ಒಗ್ಗದ ಎಣ್ಣೆ ಸ್ವಭಾವದ ಮಣಿಗಳು. ಇಂಥದೇ ಮಣಿ ಇರಬೇಕು ಅಂತ ಇಲ್ಲ. ಈ ಎರಡು ಮಗ್ಗುಲು ಇದ್ದರೆ ಸಾಕು.

ಹೊರಪೊರೆಯಲ್ಲಿ ಇರುವುದು ಟಾಮ್ ಅನ್ನುವ ಪ್ರೋಟೀನ್‌ಗಳ ಗುಂಪು. ಅದರಲ್ಲಿ ಟಾಮ್ 20 ಆ ಎಣ್ಣೆ ಮಗ್ಗುಲನ್ನು ಹಿಡಿಯುತ್ತದೆ, ಟಾಮ್ 22 ಪ್ಲಸ್ ಮಗ್ಗುಲನ್ನು. ಹಿಡಿದು ಟಾಮ್ 40 ಅನ್ನುವ ಕೊಳವೆಗೆ ಕೊಡುತ್ತವೆ. ಬಾಗಿಲು ಅಂದರೆ ಅದೇ. ಅದರ ಅಗಲ ಸುಮಾರು 2 ನ್ಯಾನೋಮೀಟರ್, ಒಂದು ಮಿಲಿಮೀಟರನ್ನು 5 ಲಕ್ಷ ಪಾಲು ಮಾಡಿದರೆ ಒಂದು ಪಾಲು. ಮಡಚಿಕೊಂಡು ಉಂಡೆಯಾದ ಪ್ರೋಟೀನ್ ಅದರಲ್ಲಿ ತೂರುವುದಿಲ್ಲ. ಬಿಚ್ಚಿಕೊಂಡ ಸರ ಮಾತ್ರ ತೂರುತ್ತದೆ.

ಪೈಜಾಮಕ್ಕೆ ಲಾಡಿ ಪೋಣಿಸಿದ್ದೀರಲ್ಲ ಮೇಡಂ, ಅದನ್ನೇ ಮಕ್ಕಳಿಗೆ ತೋರಿಸಿ. ಲಾಡಿಯ ತುದಿಗೆ ಒಂದು ಪಿನ್ನು ಹಾಕುತ್ತೇವೆ. ಪಿನ್ನು ಮುಂದೆ, ಲಾಡಿ ಹಿಂದೆ. ಆ ಪಿನ್ನೇ ತಲೆಯ ತುಂಡು. ಒಳಗೆ ಹೋದ ಪಿನ್ನನ್ನು ಬಟ್ಟೆ ಮೇಲಿಂದ ಹಿಡಿದು, ಸ್ವಲ್ಪ ಸರಿಸಿ, ಮತ್ತೆ ಹಿಡಿದು, ಮತ್ತೆ ಸರಿಸಿ ಆಚೆ ತುದಿಗೆ ತರುತ್ತೇವೆ. ಬಂದ ಮೇಲೆ ಪಿನ್ನು ಬಿಚ್ಚಿ ಇಡುತ್ತೇವೆ. ಮೈಟೊಕಾಂಡ್ರಿಯಾದಲ್ಲೂ ಹಾಗೇ, ಒಳಗೆ ಬಂದ ಮೇಲೆ ತಲೆಯ ತುಂಡನ್ನು ಒಂದು ಕಿಣ್ವ ಕತ್ತರಿಸಿ ಹಾಕುತ್ತದೆ. ಲಾಡಿಯಲ್ಲಿ ಗಂಟು ಬಿದ್ದಿದ್ದರೆ? ಗಂಟು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಂಟು ಅಂದರೆ ಮಡಚಿಕೊಂಡ ಪ್ರೋಟೀನ್.

ಒಳಪೊರೆಯ ಬಾಗಿಲು ಟಿಮ್ 23 ಗುಂಪು. ಇಲ್ಲಿ ಇನ್ನೊಂದು ಶಕ್ತಿ ಸೇರುತ್ತದೆ. ಒಳಪೊರೆಯ ಒಳಗಡೆ ಮೈನಸ್, ಹೊರಗಡೆ ಪ್ಲಸ್. ವ್ಯತ್ಯಾಸ ಸುಮಾರು 150 ಮಿಲಿವೋಲ್ಟ್, ಟಾರ್ಚ್ ಸೆಲ್ಲಿನ ಹತ್ತನೇ ಒಂದು ಭಾಗ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಪೊರೆಯ ದಪ್ಪ 5 ನ್ಯಾನೋಮೀಟರ್ ಆಸುಪಾಸು. ಲೆಕ್ಕ ಹಾಕಿ ನೋಡಿ, ಮೀಟರಿಗೆ 3 ಕೋಟಿ ವೋಲ್ಟ್ ಬರುತ್ತದೆ. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ಸಾಕು. ಅದರ ಹತ್ತರಷ್ಟು ಎಳೆತ ನಮ್ಮ ಒಂದೊಂದು ಕೋಶದಲ್ಲೂ ಇದೆ. ಪ್ಲಸ್ ಆವೇಶದ ಆ ತಲೆಯ ತುಂಡು ಮೈನಸ್ ಕಡೆಗೆ ಸೆಳೆಸಿಕೊಂಡು ಹೋಗುತ್ತದೆ. ಈ ಕರೆಂಟ್ ಹೋದರೆ ಒಳಬಾಗಿಲು ಕೆಲಸ ಮಾಡುವುದಿಲ್ಲ.

ತಲೆ ಒಳಗೆ ಬಂದ ಮೇಲೆ ಮಿಕ್ಕ ಮೈ ಹೇಗೆ ಬರುತ್ತದೆ? ಒಳಗೆ ಎಚ್‌ಎಸ್‌ಪಿ 70 ಅನ್ನುವ ಪ್ರೋಟೀನ್ ಬಾಗಿಲ ಹತ್ತಿರವೇ ಕಾದಿರುತ್ತದೆ. ಬಂದಷ್ಟು ಭಾಗವನ್ನು ಹಿಡಿದುಕೊಳ್ಳುತ್ತದೆ. ಇನ್ನಷ್ಟು ಬಂದರೆ ಇನ್ನೊಂದು ಬಂದು ಹಿಡಿಯುತ್ತದೆ. ಪ್ರತಿ ಹಿಡಿತಕ್ಕೂ ಕೋಶದ ಇಂಧನವಾದ ಎಟಿಪಿ ಖರ್ಚು. ಅದು ಜಗ್ಗಿ ಎಳೆಯುತ್ತದೋ, ಇಲ್ಲ ಸರ ತಾನೇ ಅಲ್ಲಾಡುವಾಗ ಹಿಂದಕ್ಕೆ ಜಾರದಂತೆ ಹಿಡಿದುಕೊಳ್ಳುತ್ತದೋ ಅನ್ನುವುದರ ಮೇಲೆ ದಶಕಗಟ್ಟಲೆ ಜಗಳ ನಡೆದಿದೆ. ನಮ್ಮ ಕಡೆ ಒತ್ತುಶ್ಯಾವಿಗೆ ಮಾಡುವಾಗ ಮೇಲಿಂದ ಒತ್ತುತ್ತೇವೆ, ಹಿಟ್ಟು ತೂತಿನಿಂದ ಇಳಿಯುತ್ತದೆ. ಇಲ್ಲಿ ಹೊರಗಿನಿಂದ ಒತ್ತುವವರು ಯಾರೂ ಇಲ್ಲ. ಒಳಗಿನಿಂದ ತೆಗೆದುಕೊಳ್ಳಬೇಕು. ಈ ವ್ಯತ್ಯಾಸ ಮಕ್ಕಳಿಗೆ ಹೇಳಿ.

ಎಲ್ಲವೂ ಒಳಗಿನ ಕೋಣೆಗೇ ಹೋಗುವುದಿಲ್ಲ. ಒಳಪೊರೆಯಲ್ಲೇ ಕೂರಬೇಕಾದ ಕೆಲವಕ್ಕೆ ಟಿಮ್ 22 ಅಂತ ಬೇರೆ ಬಾಗಿಲು. ಎರಡು ಪೊರೆಗಳ ನಡುವಿನ ಜಾಗದಲ್ಲಿ ಇರಬೇಕಾದ ಚಿಕ್ಕ ಪ್ರೋಟೀನ್‌ಗಳಿಗೆ ಮಿಯಾ 40 ಅನ್ನುವುದು ಗಂಧಕದ ಕೊಂಡಿ ಹಾಕುತ್ತದೆ, ರವಿಕೆಗೆ ಹುಕ್ಕು ಹಾಕಿದ ಹಾಗೆ. ಹುಕ್ಕು ಬಿದ್ದ ಮೇಲೆ ವಾಪಸ್ ಜಾರುವುದಿಲ್ಲ. ಪಿಯುಸಿಗೆ ಇಷ್ಟು ಸಾಕು.

ಹಾಸನ_ಬಯಾಲಜಿ_ಟೀಚರ್

ಸರ್, ತುಂಬಾ ಉಪಕಾರವಾಯಿತು. ರಾತ್ರಿ ಎರಡು ಸಲ ಓದಿದೆ. ಲಾಡಿಯ ಮಾತು ಓದುತ್ತಲೇ ಎದ್ದು ಹೋಗಿ ಮಗನ ಪೈಜಾಮ ತಂದು ಮಾಡಿ ನೋಡಿದೆ.

ಎರಡು ಸಂಶಯ ಇದೆ. ಬಿಚ್ಚಿಕೊಂಡ ಸರ ಮಾತ್ರ ಹೋಗುತ್ತದೆ ಅಂದಿರಿ. ಅದನ್ನು ಕಂಡವರು ಯಾರು? 2 ನ್ಯಾನೋಮೀಟರ್ ತೂತಿನಲ್ಲಿ ಹೋಗುವುದನ್ನು ಕಣ್ಣಲ್ಲಿ ನೋಡಲು ಆಗುವುದಿಲ್ಲ. ಮಕ್ಕಳು ‘ಹೇಗೆ ಗೊತ್ತಾಯ್ತು’ ಅಂತ ಕೇಳಿದರೆ ಪುಸ್ತಕದಲ್ಲಿದೆ ಅಂತ ಹೇಳಲು ನನಗೆ ಇಷ್ಟವಿಲ್ಲ. ಇನ್ನೊಂದು, ನೀವು ಲ್ಯಾಬಿನಲ್ಲಿ ಏನು ಮಾಡುತ್ತಿದ್ದಿರಿ? ಒಂದು ಪ್ರೋಟೀನ್ ಒಳಗೆ ಹೋಯಿತು ಅಂತ ಹೇಗೆ ಹೇಳುತ್ತಿದ್ದಿರಿ?

ಮೂಡಿಗೆರೆ_ಕಾಫಿ

ಮೇಡಂ, ಎರಡನೆಯದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಮೊದಲನೆಯದು ಸುಲಭ.

ಯೀಸ್ಟನ್ನು ಲ್ಯಾಕ್ಟೇಟ್ ಹಾಕಿ ಬೆಳೆಸುತ್ತಿದ್ದೆವು. ಸಕ್ಕರೆ ಕೊಟ್ಟರೆ ಯೀಸ್ಟ್ ಹುದುಗಿಸಿಕೊಂಡೇ ಬದುಕುತ್ತದೆ, ಮೈಟೊಕಾಂಡ್ರಿಯಾ ಹೆಚ್ಚು ಬೆಳೆಸುವುದಿಲ್ಲ. ಲ್ಯಾಕ್ಟೇಟ್ ಕೊಟ್ಟರೆ ಉಸಿರಾಡಲೇಬೇಕು, ಅದಕ್ಕೆ ಮೈಟೊಕಾಂಡ್ರಿಯಾ ಬೇಕು. ಆಮೇಲೆ ಕಿಣ್ವ ಹಾಕಿ ಯೀಸ್ಟ್ ಕೋಶದ ಗೋಡೆ ಕರಗಿಸಿ, ಗಾಜಿನ ಕೊಳವೆಯಲ್ಲಿ ಮೆಲ್ಲಗೆ ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಿ ಕೋಶ ಒಡೆಯುವುದು. ಎಲ್ಲ ಐಸ್ ಮೇಲೆ. ಮೊದಲು ಯಂತ್ರದಲ್ಲಿ ನಿಧಾನಕ್ಕೆ ತಿರುಗಿಸಿದರೆ ದಪ್ಪ ಚೂರುಗಳು ತಳಕ್ಕೆ ಕೂರುತ್ತವೆ. ಮೇಲಿನ ನೀರನ್ನು ಜೋರಾಗಿ ತಿರುಗಿಸಿದರೆ ಮೈಟೊಕಾಂಡ್ರಿಯಾ ಕೂರುತ್ತದೆ. ತಿಳಿ ಕಂದು ಬಣ್ಣದ ಒಂದು ಬಿಲ್ಲೆ. ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಅನ್ನಬಹುದು.

ಇನ್ನೊಂದು ಕೊಳವೆಯಲ್ಲಿ, ಮೊಲದ ರಕ್ತಕಣದ ರಸ ಬಳಸಿ, ವಿಕಿರಣ ಗಂಧಕ ಇರುವ ಮಿಥಿಯೋನಿನ್ ಹಾಕಿ, ನಮಗೆ ಬೇಕಾದ ಒಂದೇ ಪ್ರೋಟೀನ್ ತಯಾರಿಸುತ್ತಿದ್ದೆವು. ಇದಕ್ಕೆ ತಲೆಯ ತುಂಡು ಇನ್ನೂ ಇರುತ್ತದೆ. ಎರಡನ್ನೂ 25 ಡಿಗ್ರಿಯಲ್ಲಿ ಕೆಲವು ನಿಮಿಷ ಬೆರೆಸಿ ಇಡುವುದು. ಆಮೇಲೆ ಪ್ರೋಟೀನ್ ತಿನ್ನುವ ಕಿಣ್ವ ಹಾಕುವುದು. ಹೊರಗೆ ಉಳಿದದ್ದನ್ನೆಲ್ಲ ಅದು ತಿಂದುಬಿಡುತ್ತದೆ. ಒಳಗೆ ಹೋದದ್ದಕ್ಕೆ ಪೊರೆಯೇ ಕಾವಲು. ಕೊನೆಗೆ ಗಾತ್ರದ ಪ್ರಕಾರ ಬೇರ್ಪಡಿಸಲು ಜೆಲ್ ಮೇಲೆ ಓಡಿಸಿ, ವಿಕಿರಣ ಎಲ್ಲಿದೆ ಅಂತ ನೋಡಲು ಎಕ್ಸ್‌ರೇ ಫಿಲ್ಮ್ ಇಡುವುದು.

ನನ್ನ ಮೊದಲ ಒಳ್ಳೇ ಫಿಲ್ಮ್ ಬಂದದ್ದು ಬೆಳಗಿನ ಜಾವ. ಕತ್ತಲೆ ಕೋಣೆಯಿಂದ ಹೊರಗೆ ಬಂದು, ತೊಟ್ಟಿಕ್ಕುತ್ತಿದ್ದ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದೆ. ನಾಲ್ಕು ಸಾಲು. ಮೊದಲ ಸಾಲಿನಲ್ಲಿ ಬರೀ ಪ್ರೋಟೀನ್, ಒಂದು ಗೆರೆ. ಎರಡನೆಯದು ಮೈಟೊಕಾಂಡ್ರಿಯಾ ಜೊತೆ ಇಟ್ಟದ್ದು, ಅದರಲ್ಲಿ ಎರಡು ಗೆರೆ. ಕೆಳಗಿನ ಗೆರೆ ಕೂದಲೆಳೆಯಷ್ಟು ಕೆಳಗೆ, ಅಂದರೆ ಸ್ವಲ್ಪ ಚಿಕ್ಕ ಪ್ರೋಟೀನ್. ಒಳಗೆ ಹೋಗಿ ತಲೆಯ ತುಂಡು ಕತ್ತರಿಸಿಕೊಂಡದ್ದು ಅದು. ಮೂರನೆಯದು ತಿನ್ನುವ ಕಿಣ್ವ ಹಾಕಿದ್ದು, ಮೇಲಿನ ಗೆರೆ ಮಾಯ, ಕೆಳಗಿನದು ಹಾಗೇ ಇದೆ. ನಾಲ್ಕನೆಯದರಲ್ಲಿ ಪೊರೆಯ ಕರೆಂಟ್ ತೆಗೆಯುವ ವ್ಯಾಲಿನೋಮೈಸಿನ್ ಮೊದಲೇ ಹಾಕಿ, ಆಮೇಲೆ ತಿನ್ನುವ ಕಿಣ್ವ ಹಾಕಿದ್ದೆ. ಖಾಲಿ. ಏನೂ ಇಲ್ಲ. ಆ ಖಾಲಿ ಜಾಗ ನೋಡಿ ಆದ ಸಂತೋಷ ಇವತ್ತಿಗೂ ನೆನಪಿದೆ. ಆ ಖಾಲಿ ಇಲ್ಲದಿದ್ದರೆ ಮೂರನೇ ಸಾಲಿನ ಗೆರೆಗೆ ಬೆಲೆಯಿಲ್ಲ. ಅದಕ್ಕೆ ಮೊದಲು ಒಂದು ವಾರದ ಕೆಲಸ ಹಾಳಾಗಿತ್ತು. ಮೈಟೊಕಾಂಡ್ರಿಯಾವನ್ನು ಐಸ್ ಮೇಲೆ ಜಾಸ್ತಿ ಹೊತ್ತು ಬಿಟ್ಟಿದ್ದೆ. ಕರೆಂಟ್ ಸೋರಿಹೋಗಿ ನಾಲ್ಕೂ ಸಾಲಿನಲ್ಲಿ ಕೆಳಗಿನ ಗೆರೆ ಬರಲಿಲ್ಲ.

ಈಗ ‘ಬಿಚ್ಚಿಕೊಂಡೇ ಹೋಗಬೇಕು’ ಅನ್ನುವುದಕ್ಕೆ ಸಾಕ್ಷಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗಾಟ್‌ಫ್ರೀಡ್ ಶಾಟ್ಜ್ ಅಂತ ಒಬ್ಬರಿದ್ದರು. 1964ರಲ್ಲಿ ಯೀಸ್ಟ್‌ನ ಮೈಟೊಕಾಂಡ್ರಿಯಾದಲ್ಲಿ ಡಿಎನ್‌ಎ ಇದೆ ಅಂತ ತೋರಿಸಿದವರಲ್ಲಿ ಅವರೂ ಒಬ್ಬರು, ಆಗ ವಿಯೆನ್ನಾದಲ್ಲಿದ್ದರು. ಡಿಎನ್‌ಎ ಇದೆ ಅಂತ ತೋರಿಸಿದವರೇ, ಮಿಕ್ಕಿದ್ದೆಲ್ಲ ಹೊರಗಿಂದ ಹೇಗೆ ಬರುತ್ತದೆ ಅಂತ ಹುಡುಕುವುದರಲ್ಲಿ ಆಮೇಲಿನ ಜೀವನ ಕಳೆದರು.

1984ರಲ್ಲಿ ಅವರ ಗುಂಪು ಒಂದು ಮೈಟೊಕಾಂಡ್ರಿಯಾ ಪ್ರೋಟೀನ್‌ನ ತಲೆಯ ತುಂಡನ್ನು ಕತ್ತರಿಸಿ, ಅದಕ್ಕೆ ಸಂಬಂಧವೇ ಇಲ್ಲದ ಇಲಿಯ ಒಂದು ಪ್ರೋಟೀನ್‌ಗೆ ಅಂಟಿಸಿತು. ಆ ಪ್ರೋಟೀನ್ ಹೆಸರು ಡಿಎಚ್‌ಎಫ್‌ಆರ್, ಮೈಟೊಕಾಂಡ್ರಿಯಾದ ಹೊರಗೆ ಇರುವಂಥದು. ಅಂಟಿಸಿದ ಮೇಲೆ ಅದು ಒಳಗೆ ಹೋಯಿತು. ವಿಳಾಸ ತಲೆಯ ತುಂಡಿನಲ್ಲಿದೆ ಅಂತ ಖಚಿತವಾಯಿತು. ಮರುವರ್ಷ ಆ ತುಂಡಿನ ಮೊದಲ 12 ಮಣಿಗಳೇ ಸಾಕು ಅಂತ ತೋರಿಸಿದರು.

1986ರಲ್ಲಿ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಡಿಎಚ್‌ಎಫ್‌ಆರ್‌ಗೆ ಮೆಥೊಟ್ರೆಕ್ಸೇಟ್ ಅನ್ನುವ ಔಷಧ ಬಿಗಿಯಾಗಿ ಅಂಟುತ್ತದೆ. ಅಂಟಿದರೆ ಆ ಪ್ರೋಟೀನ್ ಮಡಚಿಕೊಂಡ ಹಾಗೇ ಇರುತ್ತದೆ, ಬಿಚ್ಚಿಕೊಳ್ಳಲು ಆಗುವುದಿಲ್ಲ. ಅದೇ ಅಂಟಿಸಿದ ಪ್ರೋಟೀನ್‌ಗೆ ಮೆಥೊಟ್ರೆಕ್ಸೇಟ್ ಹಾಕಿ ಮೈಟೊಕಾಂಡ್ರಿಯಾ ಹತ್ತಿರ ಬಿಟ್ಟರು. ವಿಳಾಸ ಇದೆ, ಕರೆಂಟ್ ಇದೆ, ಬಾಗಿಲಿದೆ. ಆದರೂ ಒಳಗೆ ಹೋಗಲಿಲ್ಲ. ಲಾಡಿಗೆ ಗಂಟು ಹಾಕಿದ್ದರು ಅಷ್ಟೆ. ತೂತನ್ನು ಕಣ್ಣಲ್ಲಿ ನೋಡದೆ ತೂತಿನ ಗುಣ ಹೇಳಿದ ರೀತಿ ಇದು.

ಮೆಥೊಟ್ರೆಕ್ಸೇಟ್ ಅಂದರೆ ಕೀಲುವಾತಕ್ಕೆ ವಾರಕ್ಕೊಂದು ದಿನ ಕೊಡುವ ಅದೇ ಮಾತ್ರೆ. ಮಕ್ಕಳ ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿರಬಹುದು.

ಹಾಸನ_ಬಯಾಲಜಿ_ಟೀಚರ್

ಸರ್, ನಮ್ಮ ಅತ್ತೆ ತೆಗೆದುಕೊಳ್ಳುತ್ತಾರೆ, ಪ್ರತಿ ಭಾನುವಾರ. ನಾನೇ ಡಬ್ಬಿಯಿಂದ ತೆಗೆದು ಕೊಡುವುದು. ಇಷ್ಟು ವರ್ಷ ಆ ಹೆಸರು ಓದಿದ್ದೇನೆ, ಹೀಗೊಂದು ಕೆಲಸಕ್ಕೂ ಬಂದಿತ್ತು ಅಂತ ಗೊತ್ತಿರಲಿಲ್ಲ.

ಮಕ್ಕಳ_ಡಾಕ್ಟರ್_ಚಿಕ್ಕಮಗಳೂರು

ಮೂಡಿಗೆರೆಯವರು ಹೇಳಿದ ಗಂಟಿನ ಮಾತಿಗೆ ಒಂದು ಕಾಯಿಲೆ ಸೇರಿಸುತ್ತೇನೆ. ಓದುವಾಗ ಇದನ್ನು ಕೇಳಿ ಬೆರಗಾಗಿದ್ದೆ.

ಕೆಲವು ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಕಿಡ್ನಿಯಲ್ಲಿ ಮತ್ತೆ ಮತ್ತೆ ಆಕ್ಸಲೇಟ್ ಕಲ್ಲಾಗುತ್ತದೆ. ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ, ಪ್ರೈಮರಿ ಹೈಪರ್‌ಆಕ್ಸಲೂರಿಯಾ ಒಂದನೇ ಬಗೆ. ಯಕೃತ್ತಿನ ಕೋಶಗಳಲ್ಲಿ ಎಜಿಟಿ ಅಂತ ಒಂದು ಕಿಣ್ವ ಇದೆ. ಅದು ಇರಬೇಕಾದ ಜಾಗ ಪೆರಾಕ್ಸಿಸೋಮ್, ಕೋಶದೊಳಗಿನ ಇನ್ನೊಂದು ಕಣದಂಗ. ಅಲ್ಲಿದ್ದರೆ ಮಾತ್ರ ಆಕ್ಸಲೇಟ್ ಆಗುವುದನ್ನು ತಡೆಯುತ್ತದೆ. 1989ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟೋಫರ್ ಡ್ಯಾನ್‌ಪ್ಯೂರ್ ಮತ್ತು ಜೊತೆಯವರು ಇಬ್ಬರು ರೋಗಿಗಳಲ್ಲಿ ನೋಡಿದಾಗ ಕಿಣ್ವ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಆದರೆ ಮೈಟೊಕಾಂಡ್ರಿಯಾದಲ್ಲಿ ಕೂತಿತ್ತು. ಜಾಗ ತಪ್ಪಿದ್ದಕ್ಕೇ ಕಾಯಿಲೆ.

ಕಾರಣ ಎರಡು ಮಣಿ. ಎಜಿಟಿಯ 11ನೇ ಮಣಿ ಪ್ರೋಲೀನ್ ಬದಲು ಲ್ಯೂಸಿನ್ ಆದರೆ ಅದರ ತಲೆಗೆ ಮೈಟೊಕಾಂಡ್ರಿಯಾದ ವಿಳಾಸದ ಥರದ್ದೊಂದು ಬಂದುಬಿಡುತ್ತದೆ. ಯೂರೋಪಿನ ಜನರಲ್ಲಿ ಈ ಬದಲಾವಣೆ ಸಾಮಾನ್ಯ, ಅಷ್ಟರಿಂದಲೇ ಕಾಯಿಲೆ ಬರುವುದಿಲ್ಲ. ಯಾಕೆಂದರೆ ಎಜಿಟಿ ತಯಾರಾದ ಕೂಡಲೇ ಬೇಗ ಮಡಚಿಕೊಂಡು ಜೋಡಿಯಾಗುತ್ತದೆ. ಗಂಟಾದದ್ದು ಮೈಟೊಕಾಂಡ್ರಿಯಾ ಬಾಗಿಲಲ್ಲಿ ತೂರುವುದಿಲ್ಲ. ಪೆರಾಕ್ಸಿಸೋಮ್ ಬಾಗಿಲು ಬೇರೆ ಥರ, ಅದು ಮಡಚಿಕೊಂಡ ಪ್ರೋಟೀನನ್ನೂ ಬಿಟ್ಟುಕೊಳ್ಳುತ್ತದೆ. ಆದರೆ 170ನೇ ಮಣಿಯೂ ಗ್ಲೈಸಿನ್ ಬದಲು ಅರ್ಜಿನೈನ್ ಆದರೆ ಮಡಚಿಕೊಳ್ಳುವುದು ನಿಧಾನವಾಗುತ್ತದೆ. ಆ ನಿಧಾನದಲ್ಲಿ ಮೈಟೊಕಾಂಡ್ರಿಯಾ ಅದನ್ನು ಎಳೆದುಕೊಂಡುಬಿಡುತ್ತದೆ. ಈ ಬದಲಾವಣೆ ಇರುವ ರೋಗಿಗಳಲ್ಲಿ ವಿಟಮಿನ್ ಬಿ6ನಿಂದ ಗುಣ ಕಾಣುತ್ತದೆ. ಬಿ6 ಆ ಕಿಣ್ವಕ್ಕೆ ಜೊತೆಗಾರ, ಅದು ಸರಿಯಾಗಿ ಮಡಚಿಕೊಂಡು ನಿಲ್ಲಲು ನೆರವಾಗುತ್ತದೆ.

ಅರಸೀಕೆರೆ_ಬಿಎಸ್ಸಿ

ಮೂಡಿಗೆರೆ ಅಣ್ಣ, ಗಾಲ್ಜಿ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್. ನೋಟ್ಸ್ ಮತ್ತೆ ನೋಡಿದೆ, ಅದು ಬೇರೆ ಪಾಠ. ನನ್ನದೊಂದು ಪ್ರಶ್ನೆ. ಕಾಫಿ ಎಲೆಯ ಕೋಶದಲ್ಲಿ ಮೈಟೊಕಾಂಡ್ರಿಯಾ ಇದೆ, ಕ್ಲೋರೋಪ್ಲಾಸ್ಟ್ ಕೂಡ ಇದೆ. ಅದಕ್ಕೂ ಹೊರಗಿಂದಲೇ ಪ್ರೋಟೀನ್ ಬರಬೇಕು. ಅದಲು ಬದಲಾಗುವುದಿಲ್ವಾ?

ಮೂಡಿಗೆರೆ_ಕಾಫಿ

ಒಳ್ಳೇ ಪ್ರಶ್ನೆ ತಮ್ಮಾ. ಕ್ಲೋರೋಪ್ಲಾಸ್ಟ್‌ನ ಬಾಗಿಲುಗಳು ಬೇರೆ, ಟಾಕ್ ಮತ್ತು ಟಿಕ್. ಅಲ್ಲಿಗೆ ಹೋಗುವ ಪ್ರೋಟೀನ್‌ಗೂ ತಲೆಯ ತುಂಡು ಇದೆ, ಆದರೆ ಅದರಲ್ಲಿ ಸೆರಿನ್, ಥ್ರಿಯೋನಿನ್ ಜಾಸ್ತಿ. ನೋಡಲು ಎರಡೂ ತುಂಡು ಅಣ್ಣತಮ್ಮಂದಿರ ಹಾಗೆ, ಆದರೂ ಬಾಗಿಲವರು ಗುರುತು ಹಿಡಿಯುತ್ತಾರೆ. ಎರಡೂ ಕಡೆ ಬೇಕಾದ ಪ್ರೋಟೀನ್‌ಗಳೂ ಇವೆ. ಬಟಾಣಿ ಗಿಡದ ಗ್ಲುಟಾಥಯೋನ್ ರಿಡಕ್ಟೇಸ್ ಒಂದೇ ತುಂಡು ಹೊತ್ತುಕೊಂಡು ಎರಡಕ್ಕೂ ಹೋಗುತ್ತದೆ.

ಡಾಕ್ಟರೇ, ಎಜಿಟಿ ನೆನಪಿಸಿದ್ದಕ್ಕೆ ನಿಮಗೆ ನಮಸ್ಕಾರ. ಅದೇ ದಾರಿಯಲ್ಲಿ ಇನ್ನೊಂದು ಹೇಳಬೇಕು. ಪಿಂಕ್ 1 ಅನ್ನುವ ಪ್ರೋಟೀನ್ ದಿನವಿಡೀ ಈ ಬಾಗಿಲುಗಳಲ್ಲಿ ತಲೆ ತೂರಿಸುತ್ತದೆ. ಮೈಟೊಕಾಂಡ್ರಿಯಾ ಚೆನ್ನಾಗಿದ್ದರೆ ಒಳಪೊರೆಯಲ್ಲಿ ಅದನ್ನು ಕತ್ತರಿಸುತ್ತಾರೆ, ಅದು ಅಲ್ಲಿಗೆ ಮುಗಿಯುತ್ತದೆ. ಕರೆಂಟ್ ಹೋಗಿದ್ದರೆ ಒಳಗೆ ಎಳೆಯುವವರಿಲ್ಲ. ಪಿಂಕ್ 1 ಟಾಮ್ ಹತ್ತಿರವೇ ಹೊರಪೊರೆಯಲ್ಲಿ ನಿಂತುಬಿಡುತ್ತದೆ, ಪಾರ್ಕಿನ್ ಅನ್ನುವ ಇನ್ನೊಂದನ್ನು ಕರೆಯುತ್ತದೆ. ಕೋಶ ಆ ಕೆಟ್ಟ ಮೈಟೊಕಾಂಡ್ರಿಯಾವನ್ನು ನುಂಗಿ ಹಾಕುತ್ತದೆ. ಈ ಎರಡರಲ್ಲಿ ಯಾವ ಜೀನ್ ಕೆಟ್ಟರೂ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್‌ಸನ್ ಕಾಯಿಲೆ ಬರಬಹುದು.

ಹಾಸನ_ಬಯಾಲಜಿ_ಟೀಚರ್

ಇವತ್ತು ಕ್ಲಾಸಿನಲ್ಲಿ ಮಾಡಿದೆ. ಹೇಳದೆ ಇರಲು ಆಗುತ್ತಿಲ್ಲ.

ಒಂದು ಹಳೇ ಪೈಜಾಮ, ಬಿಳಿ ಲಾಡಿ, ಪಿನ್ನು. ಆಲೂರಿನ ಹುಡುಗಿಯನ್ನೇ ಮುಂದೆ ಕರೆದೆ. ಪಿನ್ನು ಹಾಕಿ ಅರ್ಧ ಸರಿಸಿದಳು. ‘ಈಗ ಕೈ ಬಿಡು’ ಅಂದೆ. ಇನ್ನೊಬ್ಬ ಹುಡುಗ ಹಿಂದಿನಿಂದ ಲಾಡಿ ಎಳೆದ. ಪಿನ್ನು ವಾಪಸ್ ಜಾರಿಕೊಂಡು ಬಂತು. ‘ಹಿಡಿದುಕೊಳ್ಳುವವರು ಇರಬೇಕು’ ಅಂತ ಹಿಂದಿನ ಬೆಂಚಿನಿಂದ ಒಬ್ಬ ತಾನೇ ಹೇಳಿದ. ಎಚ್‌ಎಸ್‌ಪಿ 70 ಹೆಸರನ್ನು ಆಗ ಬರೆದೆ. ಆಮೇಲೆ ಲಾಡಿಗೆ ಮಧ್ಯದಲ್ಲಿ ದೊಡ್ಡ ಗಂಟು ಹಾಕಿ ಕೊಟ್ಟೆ. ಪಿನ್ನು ಸಲೀಸಾಗಿ ಹೋಯಿತು, ಗಂಟು ಬಾಯಲ್ಲಿ ಬಟ್ಟೆ ನೆರಿಗೆ ಹಿಡಿದು ನಿಂತಿತು. ಅವಳು ಬಲವಂತ ಮಾಡಲಿಲ್ಲ. ಪಿನ್ನನ್ನು ಒಳಗೇ ಬಿಟ್ಟು, ಎರಡು ಉಗುರಿನಿಂದ ಗಂಟು ಬಿಡಿಸಿ, ಮತ್ತೆ ಎಳೆದಳು. ಆಗ ಮೆಥೊಟ್ರೆಕ್ಸೇಟ್ ಕಥೆ ಹೇಳಿದೆ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಹೋಗುವಾಗ ಅವಳು ಇನ್ನೊಂದು ಕೇಳಿದಳು. ಟಾಮ್ 40 ಕೂಡ ಪ್ರೋಟೀನೇ ತಾನೇ, ಅದೂ ಹೊರಗೇ ತಯಾರಾಗುತ್ತೆ ಅಲ್ವಾ, ಹಾಗಾದರೆ ಬಾಗಿಲು ಯಾವ ಬಾಗಿಲಿಂದ ಬಂತು? ಸರ್, ಇದಕ್ಕೂ ನೀವೇ ಹೇಳಬೇಕು. ಬೋರ್ಡ್ ಮೇಲೆ ಬಾಗಿಲನ್ನು ಎಲ್ಲಿ ಬರೆಯಬೇಕು ಅಂತಲೂ ಹೇಳಿ.

ಮೂಡಿಗೆರೆ_ಕಾಫಿ

ಮೇಡಂ, ಗಂಟನ್ನು ಬಾಯಲ್ಲೇ ಬಿಡಿಸಿದಳು ಅಂದಿರಲ್ಲ, ಕೋಶದಲ್ಲೂ ಸಡಿಲವಾಗಿ ಮಡಚಿಕೊಂಡವು ಹಾಗೇ ಬಾಗಿಲಲ್ಲಿ ಬಿಚ್ಚಿಕೊಳ್ಳುತ್ತವೆ. ಒಳಗಿನಿಂದ ಹಿಡಿತ ಬಿದ್ದಷ್ಟೂ ಹೊರಗೆ ಮಡಿಕೆ ಬಿಚ್ಚುತ್ತದೆ. ಅವಳಿಗೆ ಹೇಳಿ.

ಅವಳ ಪ್ರಶ್ನೆಗೆ ಉತ್ತರ, ಮೊಸರು. ಹೆಪ್ಪು ಇಲ್ಲದೆ ಹಾಲು ಮೊಸರಾಗುವುದಿಲ್ಲ. ಹೆಪ್ಪು ನಿನ್ನೆಯ ಮೊಸರಿನದ್ದು, ನಿನ್ನೆಯದಕ್ಕೆ ಮೊನ್ನೆಯದು. ಹೊಸ ಟಾಮ್ 40 ಒಳಗೆ ಬರುವುದು ಮೊದಲೇ ಇರುವ ಟಾಮ್ 40ರ ಮೂಲಕ. ಎರಡು ಪೊರೆಗಳ ನಡುವೆ ಇಳಿದು, ಅಲ್ಲಿಂದ ಸ್ಯಾಮ್ ಅನ್ನುವ ಗುಂಪು ಅದನ್ನು ಒಳಗಡೆಯಿಂದ ಹೊರಪೊರೆಗೆ ಕೂರಿಸುತ್ತದೆ. ಮನೆಯೊಳಗೆ ಬಂದು ಹೊಸ ಬಾಗಿಲು ಜೋಡಿಸಿದ ಹಾಗೆ. ಒಳಗೆ ಬಂದ ಪ್ರೋಟೀನ್‌ಗಳನ್ನು ಮಡಚಿಕೊಡುವ ಎಚ್‌ಎಸ್‌ಪಿ 60 ಇದೆಯಲ್ಲ, ಹೊಸದಾಗಿ ಬಂದ ಎಚ್‌ಎಸ್‌ಪಿ 60 ಜೋಡಣೆಯಾಗಲು ಹಳೇ ಎಚ್‌ಎಸ್‌ಪಿ 60 ಬೇಕು. ಆದ್ದರಿಂದ ಯಾವ ಕೋಶವೂ ಮೈಟೊಕಾಂಡ್ರಿಯಾವನ್ನು ಹೊಸದಾಗಿ ಮಾಡಿಕೊಳ್ಳುವುದಿಲ್ಲ. ಇರುವುದೇ ಬೆಳೆದು ಎರಡಾಗಬೇಕು. ಅವಳ ಮೈಯಲ್ಲಿರುವುದೆಲ್ಲ ಅವಳ ಅಮ್ಮನ ಅಂಡಾಣುವಿನಿಂದ ಬಂದ ಹೆಪ್ಪು. ಅಮ್ಮನದ್ದು ಅಜ್ಜಿಯಿಂದ.

ಮೊದಲ ಹೆಪ್ಪು ಎಲ್ಲಿಯದು ಅಂತ ಖಂಡಿತ ಕೇಳುತ್ತಾಳೆ. ಅದು ಇನ್ನೊಂದು ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾ. ಅದರ ಕಾಲದ ಸಾಮಾನು ಈಗಲೂ ಉಳಿದಿದೆ. ಬಾಗಿಲು ಕೂರಿಸುವ ಆ ಸ್ಯಾಮ್ ಗುಂಪಿನ ಮುಖ್ಯ ಪ್ರೋಟೀನ್, ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಅದೇ ಕೆಲಸ ಮಾಡುವ ಬ್ಯಾಮ್‌ಎಗೆ ನೆಂಟ. ಟಾಮ್‌ನ ಎಷ್ಟೋ ಭಾಗಗಳು ಆಮೇಲೆ ಸೇರಿಕೊಂಡವು.

ಬಾಗಿಲು ಎಲ್ಲಿ ಬರೆಯಬೇಕು ಅಂದಿರಿ. ಎರಡು ಪೊರೆ ಒಂದಕ್ಕೊಂದು ತೀರಾ ಹತ್ತಿರ ಬರುವ ಕಡೆ ಬರೆಯಿರಿ. 1985ರಲ್ಲಿ ಮ್ಯೂನಿಕ್‌ನಲ್ಲಿ ವಾಲ್ಟರ್ ನ್ಯೂಪರ್ಟ್ ಅವರ ಗುಂಪು ಒಂದು ಪ್ರೋಟೀನನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ ನೋಡಿತು. ತಲೆಯ ತುಂಡು ಒಳಗೆ ಕತ್ತರಿಸಿ ಹೋಗಿತ್ತು, ಬಾಲ ಇನ್ನೂ ಹೊರಗಿತ್ತು. ಒಂದೇ ಸರ ಏಕಕಾಲಕ್ಕೆ ಎರಡೂ ಬಾಗಿಲಲ್ಲಿ. ಹೊರಪೊರೆಗೆ ಒಂದು ತೂತು, ಅದರ ಎದುರಿಗೇ ಒಳಪೊರೆಗೆ ಒಂದು ತೂತು, ಎರಡರಲ್ಲೂ ಹಾದುಹೋಗುವ ಹಾಗೆ ಬಣ್ಣದ ಚಾಕ್‌ನಲ್ಲಿ ಒಂದು ಎಳೆ.

ಹಾಸನ_ಬಯಾಲಜಿ_ಟೀಚರ್

ಬರೆದೆ ಸರ್. ಹಳದಿ ಚಾಕ್. ಎಳೆಯನ್ನು ಅವಳ ಕೈಯಲ್ಲೇ ಬರೆಸಿದೆ.